ಬೈಕ್ ಹೆಡ್‌ನಿಂದ ಗರಗರ ಸದ್ದು: ದಪ್ಪ ಆಯಿಲ್ ಹಾಕಿದರೆ ಕ್ಯಾಮ್ ಬೇರಿಂಗ್ ಸರಿಹೋಗುತ್ತದೆಯೇ?

"ಬೈಕ್ ಹೆಡ್‌ನಲ್ಲಿ ಸೌಂಡ್ ಬಂದರೆ ಗ್ಯಾರೇಜಿಗೆ ದುಡ್ಡು ಸುರಿಯಬೇಡಿ. ದಪ್ಪ ಆಯಿಲ್ ಹಾಕಿ, ಟೈಮಿಂಗ್ ಚೈನ್ ಬಿಗಿ ಮಾಡಿಸಿ, ಸದ್ದು ಮಾಯ!" ಇಂಥ ಸಲಹೆ ನಿಮ್ಮ ಕಿವಿಗೂ ಬಿದ್ದಿರಬಹುದು. ಹಾಗೆ ಮಾಡಿದ ಮೇಲೆ ಸದ್ದು ಕೆಲವು ದಿನ ನಿಜವಾಗಿಯೂ ಕಡಿಮೆಯಾಗುವುದುಂಟು. ಆದರೆ ಸದ್ದು ಅಡಗಿದ್ದಕ್ಕೂ ರೋಗ ವಾಸಿಯಾದದ್ದಕ್ಕೂ ವ್ಯತ್ಯಾಸವಿದೆ. ಕ್ಯಾಮ್ ಬೇರಿಂಗ್ ವಿಷಯದಲ್ಲಿ ಈ ವ್ಯತ್ಯಾಸ ತಿಳಿಯದಿದ್ದರೆ ಕೆಲವು ನೂರು ರೂಪಾಯಿಯ ಬಿಡಿಭಾಗಕ್ಕೆ ಇಡೀ ಎಂಜಿನ್ ಬಲಿಯಾಗಬಹುದು. ಓಡುತ್ತಿರುವಾಗಲೇ ಎಂಜಿನ್ ಬಿಗಿದುಕೊಂಡರೆ ಸವಾರನ ಜೀವಕ್ಕೂ ಅಪಾಯ.

ಚುಟುಕು ಉತ್ತರ

ಇಲ್ಲ. ಒಮ್ಮೆ ಸವೆದ ಬೇರಿಂಗ್ ಯಾವ ಆಯಿಲ್‌ನಿಂದಲೂ ಮೊದಲಿನಂತಾಗುವುದಿಲ್ಲ. ಅದನ್ನು ಬದಲಿಸಲೇಬೇಕು. ಆದರೆ ಬದಲಿಸುವುದು ಅರ್ಧ ಕೆಲಸ ಮಾತ್ರ. ಅದು ಯಾಕೆ ಹಾಳಾಯಿತು, ಅದರಿಂದ ಉದುರಿದ ಲೋಹದ ಪುಡಿ ಎಲ್ಲಿ ಹೋಯಿತು ಎಂದು ಹುಡುಕುವುದು ಉಳಿದರ್ಧ. ಇದನ್ನು ಬಿಟ್ಟರೆ ಹೊಸ ಬೇರಿಂಗೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಕ್ಯಾಮ್ ಬೇರಿಂಗ್ ಎಂದರೆ ಯಾವುದು?

ಇಂದಿನ ಬಹುತೇಕ ಬೈಕ್‌ಗಳದ್ದು ನಾಲ್ಕು ಸ್ಟ್ರೋಕ್ ಎಂಜಿನ್. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಳಬರಲು ಒಂದು ವಾಲ್ವ್, ಹೊಗೆ ಹೊರಹೋಗಲು ಇನ್ನೊಂದು. ಈ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಯುವುದು ಕ್ಯಾಮ್‌ಶಾಫ್ಟ್. ಮೊಟ್ಟೆಯಾಕಾರದ ಉಬ್ಬುಗಳಿರುವ ಸಣ್ಣ ದಂಡವದು. ಹೆಚ್ಚಿನ ಬೈಕ್‌ಗಳಲ್ಲಿ ಅದು ಎಂಜಿನ್‌ನ ತಲೆಯಲ್ಲಿ, ಅಂದರೆ ಹೆಡ್‌ನಲ್ಲಿ ಕೂತಿರುತ್ತದೆ. ಕೆಳಗಿನ ಕ್ರ್ಯಾಂಕ್‌ನಿಂದ ಟೈಮಿಂಗ್ ಚೈನ್ ಅದನ್ನು ತಿರುಗಿಸುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು.

ಲೆಕ್ಕ ಹಾಕಿ ನೋಡಿ. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುತ್ತಿದ್ದರೆ ಕ್ಯಾಮ್ 2500 ಸುತ್ತು. ಒಂದು ಗಂಟೆಯ ಪ್ರಯಾಣದಲ್ಲಿ ಒಂದೂವರೆ ಲಕ್ಷ ಸುತ್ತು. ಪ್ರತಿ ಸುತ್ತಿನಲ್ಲೂ ವಾಲ್ವ್ ಸ್ಪ್ರಿಂಗ್‌ಗಳ ಒತ್ತಡ ಮತ್ತು ಚೈನಿನ ಎಳೆತವನ್ನು ಅದು ತಡೆದುಕೊಳ್ಳಬೇಕು. ಆ ಭಾರ ಹೊರುವುದು ಕ್ಯಾಮ್‌ಶಾಫ್ಟ್‌ನ ಎರಡು ತುದಿಗಳಲ್ಲಿರುವ ಬೇರಿಂಗ್‌ಗಳು.

ಬೇರಿಂಗ್‌ನಲ್ಲಿ ಒಂದು ಒಳಬಳೆ, ಒಂದು ಹೊರಬಳೆ, ನಡುವೆ ಉಕ್ಕಿನ ಗುಂಡುಗಳು, ಗುಂಡುಗಳು ಒಂದಕ್ಕೊಂದು ತಾಗದಂತೆ ಹಿಡಿದಿಡುವ ಕೇಜ್ ಇರುತ್ತವೆ. ಗುಂಡು ಮತ್ತು ಬಳೆಯ ನಡುವೆ ಆಯಿಲ್‌ನ ತೆಳುವಾದ ಪದರ ಇರುವವರೆಗೆ ಎಲ್ಲವೂ ಸರಾಗ. ಆ ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಮೊದಲು ಬಳೆಯ ಮೇಲೆ ಸಣ್ಣ ಗುಳಿ ಬೀಳುತ್ತದೆ. ಆಮೇಲೆ ಚಕ್ಕೆ ಏಳುತ್ತದೆ. ಕೊನೆಗೆ ಕೇಜ್ ಒಡೆದು ಗುಂಡುಗಳು ದಿಕ್ಕಾಪಾಲಾಗುತ್ತವೆ.

ಒಂದು ವಿಷಯ ಗಮನಿಸಿ: ಎಲ್ಲ ಬೈಕ್‌ಗಳಲ್ಲೂ ಗುಂಡಿನ ಬೇರಿಂಗ್ ಇರುವುದಿಲ್ಲ. ಕೆಲವು ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ನೇರವಾಗಿ ಹೆಡ್‌ನ ಅಲ್ಯೂಮಿನಿಯಂ ಮೇಲೆಯೇ ಆಯಿಲ್ ಪದರದಲ್ಲಿ ತಿರುಗುತ್ತದೆ. ಅಲ್ಲಿ ಬಿಚ್ಚಿ ಬದಲಿಸಲು ಬೇರಿಂಗೇ ಇಲ್ಲ. ಸವೆದರೆ ಹೆಡ್ ಬದಲಿಸಬೇಕು, ಇಲ್ಲವೇ ಒಳ್ಳೆಯ ಲೇತ್ ಕೆಲಸದವರಿಂದ ಬೋರ್ ಮಾಡಿಸಿ ಬುಷ್ ಕೂರಿಸಬೇಕು. ನಿಮ್ಮ ಬೈಕ್ ಯಾವ ಬಗೆಯದು ಎಂಬುದನ್ನು ಅದರ ಬಿಡಿಭಾಗಗಳ ಪಟ್ಟಿ ನೋಡಿ ಮೊದಲೇ ತಿಳಿದುಕೊಳ್ಳಿ.

ಯಾವ ಸದ್ದು ಯಾವುದರದು?

ಹೆಡ್‌ನಿಂದ ಬರುವ ಸದ್ದೆಲ್ಲ ಬೇರಿಂಗ್‌ನದ್ದಲ್ಲ. ಸುಮ್ಮನೆ ಹೆದರಿ ಹೆಡ್ ಬಿಚ್ಚಿಸುವುದೂ ತಪ್ಪು.

• ಟಿಕ್ ಟಿಕ್ ಎಂದು ಗಡಿಯಾರದಂತೆ ಒಂದೇ ಸಮನೆ ಬಂದರೆ ಅದು ಹೆಚ್ಚಾಗಿ ಟ್ಯಾಪೆಟ್. ಎಂಜಿನ್ ತಣ್ಣಗಿರುವಾಗ ಗ್ಯಾಪ್ ಸರಿ ಮಾಡಿದರೆ ಹೋಗುತ್ತದೆ.

• ಸ್ಟಾರ್ಟ್ ಮಾಡಿದ ಕೂಡಲೇ, ಐಡ್ಲಿಂಗ್‌ನಲ್ಲಿ ಅಥವಾ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್‌ನ ಒಂದು ಪಕ್ಕದಿಂದ ಝರಝರ ಸದ್ದು ಬಂದರೆ ಅದು ಟೈಮಿಂಗ್ ಚೈನ್ ಅಥವಾ ಅದರ ಟೆನ್ಷನರ್.

• ಎಂಜಿನ್ ತಣ್ಣಗಿರುವಾಗ ಬ್ಲಾಕ್‌ನಿಂದ ಟಕಟಕ ಬಂದು, ಬಿಸಿಯಾದ ಮೇಲೆ ಕಡಿಮೆಯಾದರೆ ಪಿಸ್ಟನ್ ಸಡಿಲವಾಗಿರುವ ಸಾಧ್ಯತೆ ಹೆಚ್ಚು.

• ಹೆಡ್‌ನ ಪಕ್ಕದಿಂದ ಎಡೆಬಿಡದೆ ಗರಗರ ಎಂಬ ಸದ್ದು, ಒಣ ಬೀಸುಕಲ್ಲು ತಿರುಗಿಸಿದಂತೆ. ರೇಸ್ ಕೊಟ್ಟಷ್ಟೂ ಅದು ಏರುತ್ತದೆ. ಎಂಜಿನ್ ಬಿಸಿಯಾದರೂ ಹೋಗುವುದಿಲ್ಲ, ಕೆಲವೊಮ್ಮೆ ಆಯಿಲ್ ತೆಳುವಾದ ಮೇಲೆ ಹೆಚ್ಚುತ್ತದೆ. ಕ್ಯಾಮ್ ಬೇರಿಂಗ್ ಮೇಲೆ ಅನುಮಾನ ಪಡಬೇಕಾದದ್ದು ಆಗ.

ಮೆಕ್ಯಾನಿಕ್‌ಗಳು ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಹೆಡ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕೇಳುವುದನ್ನು ನೋಡಿರಬಹುದು. ಅದು ನಾಟಕವಲ್ಲ. ಗಾಳಿಗಿಂತ ಉಕ್ಕಿನ ಮೂಲಕ ಕಂಪನ ಚೆನ್ನಾಗಿ ಸಾಗುವುದರಿಂದ ವೈದ್ಯರ ಸ್ಟೆತೋಸ್ಕೋಪ್‌ನಂತೆ ಅದು ಕೆಲಸ ಮಾಡುತ್ತದೆ. ಒಂದೇ ಎಚ್ಚರಿಕೆ: ತಿರುಗುವ ಭಾಗಗಳಿಂದಲೂ ಬಿಸಿ ಸೈಲೆನ್ಸರ್‌ನಿಂದಲೂ ದೂರವಿರಿ.

ಇನ್ನೊಂದು ಸಾಕ್ಷಿ ಹಳೆ ಆಯಿಲ್. ಡ್ರೈನ್ ಮಾಡಿದ ಆಯಿಲನ್ನು ತೆಳು ಬಟ್ಟೆಯಲ್ಲಿ ಸೋಸಿ, ಉಳಿದದ್ದರ ಮೇಲೆ ಅಯಸ್ಕಾಂತ ಆಡಿಸಿ. ತೀರಾ ನುಣುಪಾದ ಬೂದು ಬಣ್ಣದ ಕೆಸರು ಅಯಸ್ಕಾಂತಕ್ಕೆ ಸ್ವಲ್ಪ ಅಂಟುವುದು ಸಹಜ. ಹೊಳೆಯುವ ಚಕ್ಕೆ ಅಥವಾ ಚೂರುಗಳು ಅಂಟಿದರೆ ಅವು ಉಕ್ಕು, ಅಂದರೆ ಬೇರಿಂಗ್, ಗೇರ್ ಅಥವಾ ಚೈನ್‌ನದ್ದು. ಹೊಳೆದರೂ ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಹಿತ್ತಾಳೆ ಇರಬಹುದು. ಕಪ್ಪು ಪ್ಲಾಸ್ಟಿಕ್ ಚೂರು ಸಿಕ್ಕರೆ ಟೈಮಿಂಗ್ ಚೈನ್‌ನ ಗೈಡ್ ಅಥವಾ ಬೇರಿಂಗ್‌ನ ಕೇಜ್ ಒಡೆದಿರಬಹುದು. ಇವುಗಳಲ್ಲಿ ಯಾವ ಚೂರು ಸಿಕ್ಕರೂ ಎಂಜಿನ್ ಬಿಚ್ಚಿ ನೋಡದೆ ಬೇರೆ ದಾರಿಯಿಲ್ಲ.

ಬೇರಿಂಗ್ ಯಾಕೆ ಹೋಗುತ್ತದೆ?

ಮೊದಲ ಕಾರಣ ಆಯಿಲ್ ಕೊರತೆ. 100ರಿಂದ 150 ಸಿಸಿಯ ಹೆಚ್ಚಿನ ಬೈಕ್‌ಗಳಲ್ಲಿ ಇರುವುದೇ ಸುಮಾರು 1 ಲೀಟರ್ ಆಯಿಲ್. ಅದರಲ್ಲಿ ಕಾಲು ಲೀಟರ್ ಸುಟ್ಟುಹೋದರೆ ನಾಲ್ಕರಲ್ಲಿ ಒಂದು ಪಾಲು ಹೋದಂತೆ. ಪಂಪ್ ಕೆಳಗಿದೆ, ಕ್ಯಾಮ್ ತುತ್ತತುದಿಯಲ್ಲಿದೆ. ಊರಿನ ಕೊನೆಯ ಮನೆಯ ನಲ್ಲಿಯಂತೆ, ನೀರು ಕಡಿಮೆಯಾದರೆ ಮೊದಲು ಒಣಗುವುದು ಅದೇ.

ಎರಡನೆಯದು ಕೊಳೆ. ಕಾಲಕ್ಕೆ ಬದಲಿಸದ ಆಯಿಲ್ ಜಿಡ್ಡುಗಟ್ಟಿ ಸಣ್ಣ ದಾರಿಗಳನ್ನು ಮುಚ್ಚುತ್ತದೆ. ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿದ ಬೈಕನ್ನು ಆಯಿಲ್ ಬದಲಿಸದೆ ಓಡಿಸಿದರೆ ಬೇರಿಂಗ್‌ಗೆ ತುಕ್ಕು ಹಿಡಿಯುತ್ತದೆ.

ಮೂರನೆಯದು ಹಿಂದಿನ ರಿಪೇರಿ. ಹೆಡ್ ಕೂರಿಸುವಾಗ ಸಿಲಿಕೋನ್ ಪೇಸ್ಟನ್ನು ಧಾರಾಳವಾಗಿ ಬಳಿದರೆ, ಹೊರಗೆ ಉಬ್ಬಿ ಕಾಣುವಷ್ಟೇ ಪೇಸ್ಟ್ ಒಳಗೂ ಉಬ್ಬಿರುತ್ತದೆ. ಅದರ ತುಣುಕು ಕಿತ್ತು ಆಯಿಲ್ ದಾರಿಗೆ ಬೂಚು ಹಾಕುತ್ತದೆ. ಪ್ಯಾಕಿಂಗ್ ತಿರುಗುಮುರುಗಾಗಿ ಕೂತು ಆಯಿಲ್ ತೂತು ಮುಚ್ಚಿದರೂ ಇದೇ ಗತಿ. ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಹೊಡೆತ ಗುಂಡುಗಳ ಮೂಲಕ ಹೋಗಿ ಬಳೆಯಲ್ಲಿ ಕಣ್ಣಿಗೆ ಕಾಣದ ಗುಳಿ ಬೀಳುತ್ತದೆ. ಹೊಸ ಬೇರಿಂಗ್ ಹುಟ್ಟುವಾಗಲೇ ರೋಗಿಯಾಗುತ್ತದೆ.

ತಪ್ಪು ಕಂಪನಿಯದ್ದೂ ಆಗಿರಬಹುದೇ?

ಆಗಿರಬಹುದು. ಇದಕ್ಕೆ ಹೆಸರಾಂತ ಉದಾಹರಣೆ ಅಮೆರಿಕದ ಹಾರ್ಲೆ ಡೇವಿಡ್‌ಸನ್. 1999 ಹಾಗೂ 2000ರ ಆರಂಭದ ಮಾದರಿಗಳಲ್ಲಿ ಬಂದ ಅದರ ಟ್ವಿನ್ ಕ್ಯಾಮ್ 88 ಎಂಜಿನ್‌ಗಳಲ್ಲಿ ಕೆಲವಕ್ಕೆ ಹಿಂದಿನ ಕ್ಯಾಮ್‌ನ ಬೇರಿಂಗ್ ಕೈಕೊಟ್ಟಿತು. ಈ ಎಂಜಿನ್‌ನಲ್ಲಿ ಎರಡು ಕ್ಯಾಮ್‌ಗಳಿದ್ದು, ಅವು ಹೆಡ್‌ನಲ್ಲಿರದೆ ಕೆಳಗಿರುತ್ತವೆ. ಕಂಪನಿ 2001ರ ಜನವರಿಯಲ್ಲಿ ಗ್ರಾಹಕರಿಗೆ ಪತ್ರ ಬರೆದು ಇದನ್ನು ಒಪ್ಪಿಕೊಂಡಿತು. ಈ ಬೇರಿಂಗ್‌ಗೆ ಇದ್ದ 1 ವರ್ಷದ ವಾರಂಟಿಯನ್ನು 5 ವರ್ಷ ಅಥವಾ 50,000 ಮೈಲಿಗೆ, ಅಂದರೆ ಸುಮಾರು 80,000 ಕಿಲೋಮೀಟರಿಗೆ ವಿಸ್ತರಿಸಿತು. 495 ಡಾಲರ್ ಬೆಲೆಯ ರಿಪೇರಿ ಕಿಟ್ಟನ್ನೂ ಡೀಲರ್‌ಗಳಿಗೆ ಒದಗಿಸಿತು.

ಬೇರಿಂಗ್ ಇನ್ನೂ ಕೆಟ್ಟಿರದ ಕೆಲವು ಮಾಲೀಕರು, ಈ ದೋಷದಿಂದ ತಮ್ಮ ಬೈಕಿನ ಬೆಲೆ ಇಳಿಯಿತು ಎಂದು ಕೋರ್ಟಿಗೆ ಹೋದರು. 2004ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್ ಅವರ ವಾದವನ್ನು ಒಪ್ಪಲಿಲ್ಲ. ಇದರಿಂದ ನಮಗೂ ಒಂದು ಪಾಠವಿದೆ. ವಾರಂಟಿ ಅವಧಿಯಲ್ಲಿ ಹೆಡ್‌ನಿಂದ ಅನುಮಾನದ ಸದ್ದು ಬಂದರೆ ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ. ಸರ್ವೀಸ್ ಸೆಂಟರಿನಲ್ಲಿ ಜಾಬ್ ಕಾರ್ಡಿನ ಮೇಲೆ ದೂರನ್ನು ಬರೆಸಿ, ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಆಯಿಲ್ ಬದಲಿಸಿದ ಬಿಲ್‌ಗಳನ್ನೂ ಜೋಪಾನ ಮಾಡಿ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಆಮೇಲೆ ಸಾಕ್ಷಿ ಇರುವುದಿಲ್ಲ.

ದಾರಿಯಲ್ಲಿ ಸದ್ದು ಶುರುವಾದರೆ?

"ಇನ್ನೇನು ಹತ್ತು ಕಿಲೋಮೀಟರ್, ನಿಧಾನಕ್ಕೆ ಹೋದರಾಯಿತು" ಎಂದುಕೊಳ್ಳಬೇಡಿ. ಬೇರಿಂಗ್ ಪೂರ್ತಿ ಒಡೆದರೆ ಕ್ಯಾಮ್ ಅಲುಗಾಡಿ ಟೈಮಿಂಗ್ ಚೈನ್ ಹಲ್ಲು ಜಾರಬಹುದು. ಆಗ ವಾಲ್ವ್ ಮುಚ್ಚಬೇಕಾದ ಹೊತ್ತಿಗೆ ತೆರೆದೇ ಇದ್ದು, ಮೇಲೆ ಬರುವ ಪಿಸ್ಟನ್ ಅದಕ್ಕೆ ಗುದ್ದಬಹುದು. ವಾಲ್ವ್ ಬಾಗುತ್ತದೆ, ಪಿಸ್ಟನ್ ತೂತಾಗಬಹುದು. ಕ್ಯಾಮ್ ಬಿಗಿದುಕೊಂಡು ಎಂಜಿನ್ ನಿಂತರೆ ಹಿಂದಿನ ಚಕ್ರ ಲಾಕ್ ಆಗಿ ಬೈಕ್ ಜಾರುತ್ತದೆ.

ಹೀಗೆ ಮಾಡಿ:

1. ಗರಗರ ಸದ್ದಿನ ಜತೆ ಎಳೆತ ಕಡಿಮೆಯಾದರೆ ಕ್ಲಚ್ ಹಿಡಿದು, ಎಂಜಿನ್ ಆಫ್ ಮಾಡಿ, ರಸ್ತೆಯ ಬದಿಗೆ ಬನ್ನಿ.

2. ಹಿಂದಿನ ಚಕ್ರ ದಿಢೀರನೆ ಹಿಡಿದಂತಾದರೆ ತಕ್ಷಣ ಕ್ಲಚ್ ಒತ್ತಿ. ಎಂಜಿನ್‌ಗೂ ಚಕ್ರಕ್ಕೂ ನಂಟು ತಪ್ಪಿ ಚಕ್ರ ಮತ್ತೆ ತಿರುಗುತ್ತದೆ.

3. ಹತ್ತು ಹದಿನೈದು ನಿಮಿಷ ಬಿಟ್ಟು, ಬೈಕನ್ನು ಸಮತಟ್ಟು ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಕಡಿಮೆಯಿದ್ದರೆ ತುಂಬಿಸಬಹುದು. ತುಂಬಿಸಿದರೂ ಗರಗರ ನಿಲ್ಲದಿದ್ದರೆ ಮತ್ತೆ ಓಡಿಸಬೇಡಿ.

4. ಕಿಕ್ಕರ್ ಅರ್ಧಕ್ಕೇ ಸಿಕ್ಕಿಹಾಕಿಕೊಂಡರೆ ಬಲವಂತವಾಗಿ ತುಳಿಯಬೇಡಿ. ಸೆಲ್ಫ್ ಒತ್ತಬೇಡಿ. ಗೇರಿಗೆ ಹಾಕಿ ತಳ್ಳಿಸಲೂಬೇಡಿ.

5. ಹಗ್ಗ ಕಟ್ಟಿ ಇನ್ನೊಂದು ಬೈಕಿನಿಂದ ಎಳೆಸುವುದು ಅಪಾಯ. ಘಾಟಿ ರಸ್ತೆಯಲ್ಲಂತೂ ಬೇಡವೇ ಬೇಡ. ಸಣ್ಣ ಗೂಡ್ಸ್ ಗಾಡಿಯಲ್ಲಿ ಹೇರಿಕೊಂಡು ಹೋಗಿ.

ಗ್ಯಾರೇಜಿನಲ್ಲಿ ಏನೇನು ಆಗಬೇಕು?

ಈ ಕೆಲಸವನ್ನು ನೀವೇ ಮಾಡಬೇಕೆಂದಿಲ್ಲ. ಏನೇನು ನಡೆಯಬೇಕು ಎಂದು ಗೊತ್ತಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಹೆಡ್ ಕವರ್ ಬಿಚ್ಚಿ, ಮ್ಯಾಗ್ನೆಟ್ ಚಕ್ರದ ಗುರುತನ್ನೂ ಕ್ಯಾಮ್ ಸ್ಪ್ರಾಕೆಟ್‌ನ ಗುರುತನ್ನೂ ಸೇರಿಸಿ, ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಗೆ ತರುತ್ತಾರೆ. ಟೆನ್ಷನರ್ ಸಡಿಲಿಸಿ ಚೈನನ್ನು ಸ್ಪ್ರಾಕೆಟ್‌ನಿಂದ ಇಳಿಸುವಾಗ ಅದಕ್ಕೊಂದು ತಂತಿ ಕಟ್ಟಬೇಕು, ಇಲ್ಲದಿದ್ದರೆ ಚೈನ್ ಒಳಗೆ ಜಾರುತ್ತದೆ. ಕೆಳಗಿನ ಪೊಳ್ಳಿಗೆ ಸ್ವಚ್ಛ ಬಟ್ಟೆ ತುರುಕಿರಬೇಕು. ಅಲ್ಲಿ ಬಿದ್ದ ಒಂದು ಬೋಲ್ಟಿಗಾಗಿ ಇಡೀ ಎಂಜಿನ್ ಬಿಚ್ಚಬೇಕಾದೀತು.

ಹಳೆಯ ಬೇರಿಂಗನ್ನು ತೊಳೆದು ಒಣಗಿಸಿ ಕೈಯಲ್ಲಿ ನಿಧಾನಕ್ಕೆ ತಿರುಗಿಸಿ ನೋಡಿ. ಒಳ್ಳೆಯ ಬೇರಿಂಗ್ ಬೆಣ್ಣೆಯಂತೆ ತಿರುಗುತ್ತದೆ. ಕೆಟ್ಟದ್ದು ಮರಳು ತುಂಬಿದಂತೆ ತಡೆತಡೆದು ತಿರುಗುತ್ತದೆ. ಗುಂಡು ಒಡೆದಿದ್ದರೆ ಚೂರುಗಳನ್ನು ಲೆಕ್ಕ ಹಾಕಿ ಜೋಡಿಸಬೇಕು. ಒಂದು ಚೂರು ಲೆಕ್ಕಕ್ಕೆ ಸಿಗದಿದ್ದರೆ ಅದು ಎಂಜಿನ್ ಒಳಗೇ ಇದೆ ಎಂದೇ ಅರ್ಥ.

ಆಮೇಲೆ ಬೇರಿಂಗ್ ಕೂರುವ ಹೆಡ್‌ನ ಮನೆ ನೋಡಬೇಕು. ಬೇರಿಂಗ್ ಬಿಗಿದುಕೊಂಡಾಗ ಹೊರಬಳೆಯೇ ತಿರುಗಿ ಅಲ್ಯೂಮಿನಿಯಂ ಮನೆಯನ್ನು ಸವೆಸಿರಬಹುದು. ಇಲ್ಲಿ ಕೆಲವರು ಪಂಚ್ ಹೊಡೆದು ಚುಕ್ಕಿ ಎಬ್ಬಿಸಿ ಬೇರಿಂಗ್ ಬಿಗಿ ಮಾಡುತ್ತಾರೆ. ಆ ಚುಕ್ಕಿಗಳು ಬೇಗ ಸವೆಯುತ್ತವೆ, ಬೇರಿಂಗ್ ಮತ್ತೆ ಸಡಿಲವಾಗುತ್ತದೆ. ಮನೆ ಸವೆದಿದ್ದರೆ ಸ್ಲೀವ್ ಹಾಕಿಸಬೇಕು, ಇಲ್ಲವೇ ಹೆಡ್ ಬದಲಿಸಬೇಕು. ಕ್ಯಾಮ್ ಉಬ್ಬುಗಳು ಮತ್ತು ರಾಕರ್ ತೋಳುಗಳ ಮೇಲೂ ಗುಳಿ ಬಿದ್ದಿದೆಯೇ ನೋಡಬೇಕು. ಒಂದು ತುದಿಯ ಬೇರಿಂಗ್ ಹೋಗಿದ್ದರೂ ಎರಡನ್ನೂ ಬದಲಿಸುವುದು ಲೇಸು.

ಹೊಸ ಬೇರಿಂಗ್‌ನ ನಂಬರ್ ಹಳೆಯದಕ್ಕೆ ಪೂರ್ತಿ ಹೊಂದಬೇಕು. 6002 ಮತ್ತು 6202 ಎರಡರ ಒಳಗಿನ ತೂತೂ 15 ಮಿ.ಮೀ. ಆದರೆ ಮೊದಲನೆಯದರ ಹೊರ ಅಳತೆ 32 ಮಿ.ಮೀ, ಎರಡನೆಯದರದ್ದು 35. ನಂಬರ್ ಮುಂದೆ ಸಿ3 ಎಂದಿದ್ದರೆ ಒಳಗೆ ಗುಂಡುಗಳಿಗೆ ಸಾಮಾನ್ಯಕ್ಕಿಂತ ಹೆಚ್ಚು ಜಾಗವಿದೆ ಎಂದರ್ಥ. ಬಿಸಿಗೆ ಬಳೆಗಳು ಹಿಗ್ಗುವ ಕಡೆ ಇದು ಬೇಕು. ಕಂಪನಿ ಸಿ3 ಹೇಳಿದ್ದರೆ ಸಾದಾ ಬೇರಿಂಗ್ ಹಾಕಿಸಬೇಡಿ.

ಕೂರಿಸುವ ಕ್ರಮ ಬಹಳ ಮುಖ್ಯ. ಶಾಫ್ಟ್ ಮೇಲೆ ಕೂರಿಸುವಾಗ ಒಳಬಳೆಗೆ ಮಾತ್ರ ಕೊಳವೆ ತಾಗಿಸಿ ಪ್ರೆಸ್‌ನಿಂದ ಒತ್ತಬೇಕು. ಬೇರಿಂಗನ್ನು 80ರಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿದರೆ ಅದು ಹಿಗ್ಗಿ ಸುಲಭವಾಗಿ ಕೂರುತ್ತದೆ. ಗ್ಯಾಸ್ ಬೆಂಕಿಯನ್ನು ನೇರವಾಗಿ ಹಿಡಿದರೆ ಉಕ್ಕಿನ ಗಡಸುತನವೇ ಹೋಗುತ್ತದೆ.

ಜೋಡಿಸಿದ ಮೇಲೆ ಕ್ಯಾಮ್ ಮತ್ತು ಬೇರಿಂಗ್ ಮೇಲೆ ಹೊಸ ಆಯಿಲ್ ಸುರಿದು, ಎಂಜಿನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಗುರುತುಗಳು ಮತ್ತೆ ಸೇರಬೇಕು, ಎಲ್ಲೂ ತಡೆಯಬಾರದು. ಆಮೇಲೆ ಟ್ಯಾಪೆಟ್ ಗ್ಯಾಪ್.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಬೇಕಾದ ಪ್ರಶ್ನೆ: "ಹೆಡ್‌ಗೆ ಆಯಿಲ್ ಬರುತ್ತಿದೆಯಾ, ನೋಡಿದಿರಾ?" ಆಯಿಲ್ ದಾರಿಗಳಿಗೆ ಗಾಳಿ ಊದಿ ಸ್ವಚ್ಛ ಮಾಡಿರಬೇಕು. ಜಾಲರಿ ಅಥವಾ ಫಿಲ್ಟರ್ ಶುಚಿಯಾಗಿರಬೇಕು. ಬೇರಿಂಗ್ ಚೂರಾಗಿದ್ದರೆ ಪುಡಿ ಪಂಪ್‌ಗೂ ಕ್ರ್ಯಾಂಕ್ ಕಡೆಗೂ ಹೋಗಿರುತ್ತದೆ. ಆಗ ಕೆಳಗಿನ ಭಾಗವನ್ನೂ ಬಿಚ್ಚಿ ತೊಳೆಯಲೇಬೇಕು. ಬರೀ ಪುಡಿ ಉದುರಿದ್ದರೂ ಹೊಸ ಆಯಿಲ್ ಹಾಕಿ, 300ರಿಂದ 500 ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಬದಲಿಸುವುದು ಒಳ್ಳೆಯದು. ಹಳೆ ಬೇರಿಂಗನ್ನು ಕೇಳಿ ಪಡೆದುಕೊಳ್ಳಿ.

ಹರಿದಾಡುವ ಮಾತುಗಳು: ನಿಜವೆಷ್ಟು?

"ದಪ್ಪ ಆಯಿಲ್ ಹಾಕಿದರೆ ಸದ್ದು ಹೋಗುತ್ತದೆ." ಅರ್ಧ ನಿಜ. ದಪ್ಪ ಆಯಿಲ್ ಸಡಿಲ ಭಾಗಗಳ ನಡುವೆ ಮೆತ್ತೆಯಂತೆ ಕೂತು ಸದ್ದು ಅಡಗಿಸುತ್ತದೆ. ಆದರೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಅದು ಹೆಡ್ ತಲುಪಲು ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತೂ ಬೇರಿಂಗ್ ಒಣಗಿಯೇ ತಿರುಗುತ್ತದೆ. ಕಂಪನಿ 10ಡಬ್ಲ್ಯು-30 ಹೇಳಿದ್ದರೆ 20ಡಬ್ಲ್ಯು-50 ಔಷಧಿಯಲ್ಲ.

"ಟೈಮಿಂಗ್ ಚೈನ್ ಬಿಗಿ ಮಾಡಿ." ತಪ್ಪು. ಚೈನ್ ಸಡಿಲವಾಗಿದ್ದರೆ ಟೆನ್ಷನರ್ ಪರೀಕ್ಷಿಸಬೇಕು. ಸ್ವಯಂಚಾಲಿತ ಟೆನ್ಷನರ್ ಕಿತ್ತು ಬೋಲ್ಟ್ ಹಾಕಿ ಎಳೆದು ಬಿಗಿದರೆ ಆ ಎಳೆತವೆಲ್ಲ ಬೀಳುವುದು ಕ್ಯಾಮ್ ಬೇರಿಂಗ್ ಮೇಲೆಯೇ.

"ಟ್ಯಾಪೆಟ್ ಸದ್ದೇ ಬರಬಾರದು." ತಪ್ಪು. ಗ್ಯಾಪ್ ಇರುವ ಎಂಜಿನ್‌ನಲ್ಲಿ ಸಣ್ಣ ಟಿಕ್ ಸದ್ದು ಆರೋಗ್ಯದ ಲಕ್ಷಣ. ಸದ್ದು ಅಡಗಿಸಲು ಗ್ಯಾಪ್ ತೀರಾ ಕಡಿಮೆ ಮಾಡಿದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ.

"ಹರಳೆಣ್ಣೆ ಬೆರೆಸಿದರೆ ಎಂಜಿನ್ ನುಣುಪು." ಹರಳೆಣ್ಣೆಗೆ ಎಂಜಿನ್ ಜತೆ ಹಳೆಯ ನಂಟಿರುವುದು ನಿಜ. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದಿದ್ದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಆಯಿಲ್‌ನಿಂದ. ಆದರೆ ಅದು ಇಂದಿನ ಖನಿಜ ಆಯಿಲ್ ಜತೆ ಸರಿಯಾಗಿ ಬೆರೆಯುವುದಿಲ್ಲ, ಬಿಸಿಗೆ ಅಂಟುಅಂಟಾಗುತ್ತದೆ. ಆ ಅಂಟು ಕಟ್ಟುವುದು ಸಣ್ಣ ಆಯಿಲ್ ದಾರಿಗಳಲ್ಲೇ.

"ಬೆಳಿಗ್ಗೆ ಸ್ಟಾರ್ಟ್ ಮಾಡಿ ಜೋರಾಗಿ ರೇಸ್ ಕೊಟ್ಟರೆ ಆಯಿಲ್ ಬೇಗ ಏರುತ್ತದೆ." ಅಪಾಯ. ಆಯಿಲ್ ತಲುಪುವ ಮೊದಲೇ ಭಾಗಗಳು ವೇಗವಾಗಿ ಉಜ್ಜುತ್ತವೆ. ಅರ್ಧ ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು, ಮೊದಲ ಒಂದೆರಡು ಕಿಲೋಮೀಟರ್ ನಿಧಾನವಾಗಿ ಹೋದರೆ ಸಾಕು.

ಮತ್ತೆ ಹೀಗಾಗದಿರಲು

ವಾರಕ್ಕೊಮ್ಮೆ, ದೂರ ಪ್ರಯಾಣಕ್ಕೆ ಮುನ್ನ ತಪ್ಪದೆ, ಆಯಿಲ್ ಮಟ್ಟ ನೋಡಿ. ಬೈಕಿನ ಜತೆ ಬಂದ ಪುಸ್ತಕದಲ್ಲಿ ಹೇಳಿದ ಗ್ರೇಡ್ ಮತ್ತು ಅವಧಿ ಪಾಲಿಸಿ. ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಬೈಕಿನ ಆಯಿಲ್‌ನಲ್ಲಿ ತೇವ ಸೇರುತ್ತದೆ. ಅದಕ್ಕೆ ಕಿಲೋಮೀಟರ್ ಆಗದಿದ್ದರೂ ಕಾಲಕ್ಕೆ ಸರಿಯಾಗಿ ಬದಲಿಸಿ. ಕಾರಿನ ಆಯಿಲ್ ಹಾಕಬೇಡಿ, ಆಯಿಲ್‌ನಲ್ಲೇ ಮುಳುಗಿರುವ ಬೈಕ್ ಕ್ಲಚ್ ಜಾರಬಹುದು. ಗೇರಿನ ಬೈಕಿಗೆ ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಗುರುತು ಇರಲಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾಡಿ

ಹೆಡ್‌ನಿಂದ ಟಿಕ್ ಟಿಕ್ ಬಂದರೆ ಟ್ಯಾಪೆಟ್ ನೋಡಿಸಿ. ಗರಗರ ಬಂದರೆ ಎಂಜಿನ್ ನಿಲ್ಲಿಸಿ. ಆಯಿಲ್ ಸದ್ದನ್ನು ಅಡಗಿಸಬಲ್ಲದು, ಸವೆತವನ್ನು ತುಂಬಲಾರದು. ಬೇರಿಂಗ್ ಬದಲಿಸಿದ ಮೆಕ್ಯಾನಿಕ್‌ಗೆ ಎರಡು ಪ್ರಶ್ನೆ ಕೇಳಿ: ಅದು ಯಾಕೆ ಹೋಯಿತು? ಅದರ ಪುಡಿ ಎಲ್ಲಿ ಹೋಯಿತು? ಈ ಎರಡಕ್ಕೂ ಉತ್ತರ ಸಿಕ್ಕ ಮೇಲೆ ಗಾಡಿ ಮನೆಗೆ ತನ್ನಿ.